ಗೈಡಕ್ಕನ ಹಾಜರಿ

ಆಕೆ ಮನುಷ್ಯರನ್ನು ಎಣಿಸುತ್ತಿರಲಿಲ್ಲ. ಹನ್ನೊಂದು ಜನರಿರಲಿ, ನಲವತ್ತು ಜನರಿರಲಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವಳು. ಕರೆಸಿಕೊಂಡವರು ಬಾಯಿಬಿಟ್ಟು ‘ಅದೀನಿ’ ಎನ್ನಬೇಕು. ಕೈ ಎತ್ತಿದರೆ ನಡೆಯುತ್ತಿರಲಿಲ್ಲ. ಪಕ್ಕದವರು ‘ಇಲ್ಲೇ ಅದಾಳ ಬಿಡ್ರಿ’ ಎಂದರೂ ನಡೆಯುತ್ತಿರಲಿಲ್ಲ.

ಕಂಡ ದಿನವೇ, ಮೊದಲ ಗಂಟೆಯಲ್ಲೇ ಈ ವಿಷಯಕ್ಕೆ ನನ್ನನ್ನು ತರಾಟೆಗೆ ತೆಗೆದುಕೊಂಡಳು. ನಾನು ಸಿಂಧನೂರಿನ ಹೈಸ್ಕೂಲಿನಲ್ಲಿ ಟೀಚರು. ಇಪ್ಪತ್ತು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ ಬಂದವಳು. ಗಾಡಿ ಇಳಿದರೆ ಎಣಿಸುವುದು, ಹತ್ತಿದರೆ ಎಣಿಸುವುದು ನನಗೆ ಉಸಿರಾಡಿದಷ್ಟೇ ಸಲೀಸು. ಅವತ್ತು ಟೆಂಪೊದಿಂದ ಇಳಿದ ಮನೆಯವರ ತಲೆಗಳನ್ನು ಬೆರಳು ತೋರಿಸಿ ಎಣಿಸುತ್ತ ನಿಂತಿದ್ದೆ. ಆಕೆ ನನ್ನ ಬೆರಳನ್ನು ಮೆಲ್ಲಗೆ ಕೆಳಗಿಳಿಸಿದಳು.

“ಎಣಿಸಾಕ ಇವು ಕುರೀ ಏನ್ರಿ ಟೀಚರ್ರ? ಹೆಸರಿಟ್ಟಿದ್ದು ಯಾಕ ಮತ್ತ? ಕರಿಯಾಕಂತ ಹೌದಿಲ್ಲೋ?”

ನಮ್ಮ ಬಾವನವರು ಹೈದರಾಬಾದಿನಿಂದ ಬಂದಿದ್ದರು. ಅವರು ಹೋ ಎಂದು ನಕ್ಕರು. ನಾನೂ ನಕ್ಕೆ. ಆದರೆ ಅಷ್ಟು ಜನರೆದುರು ಬೆರಳು ಇಳಿಸಿದ್ದು ಒಳಗೆ ಸ್ವಲ್ಪ ಚುಚ್ಚಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಕೆಲಸಕ್ಕೆ ಅದೂ ಒಂದು ಕಾರಣವಿದ್ದೀತು.

ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ನೀರಾಟದ ಪಾರ್ಕಿಗೆ ಹೋಗುವುದೆಂದು ಹಟ ಹಿಡಿದು ಏರ್ಪಾಟು ಮಾಡಿದವಳು ನಾನೇ. ಪಾರ್ಕು ಇಳಕಲ್ಲಿನ ಆಚೆ ಹೆದ್ದಾರಿಯ ಪಕ್ಕದಲ್ಲಿತ್ತು. ನಮ್ಮ ಶಾಲೆಯ ಇನ್ನೊಬ್ಬ ಟೀಚರು, “ಹೆಣ್ಮಕ್ಕಳು, ಮುದುಕರು ಇದ್ದರ ಮಸ್ಕಿಯಾಗ ಒಬ್ಬಾಕಿ ಅದಾಳ, ಒಂದು ದಿನದ ಮಟ್ಟಿಗೆ ಗೈಡ್ ಆಗಿ ಬರ್ತಾಳ, ಕರಕೊಂಡು ಹೋಗ್ರಿ” ಎಂದು ನಂಬರು ಕೊಟ್ಟಿದ್ದರು. ನನ್ನ ಗಂಡ ಇದನ್ನು ಕೇಳಿ, “ಹಂಪಿಗಾದ್ರ ಗೈಡ್ ಬೇಕು. ನೀರಾಗ ಬೀಳಾಕೂ ಗೈಡ್ ಏನ?” ಎಂದರು. ನಾನು ಕೇಳಲಿಲ್ಲ. ನಂಬರನ್ನು ಫೋನಿನಲ್ಲಿ ‘ಗೈಡ್ ಮಸ್ಕಿ’ ಎಂದು ಬರೆದಿಟ್ಟುಕೊಂಡೆ. ಮಕ್ಕಳು ದಾರಿಯಲ್ಲೇ ಗೈಡಕ್ಕ ಎಂದು ಹೆಸರಿಟ್ಟರು. ನಾವೂ ಹಾಗೇ ಕರೆದೆವು.

ಮಸ್ಕಿ ಬಸ್ ನಿಲ್ದಾಣದೆದುರು ಬೆಳಿಗ್ಗೆ ಆರಕ್ಕೇ ನಿಂತಿದ್ದಳು. ಐವತ್ತರ ಆಸುಪಾಸು, ಸಣ್ಣ ಮೈ, ಎತ್ತಿ ಸಿಕ್ಕಿಸಿದ ಸೀರೆ, ಹೆಗಲಿಗೊಂದು ಕಪ್ಪು ಚೀಲ. ಆ ಪಾರ್ಕಿನಲ್ಲೇ ಎಂಟು ವರ್ಷ, ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ಕುಳಿತು ನೈಲಾನ್ ಡ್ರೆಸ್ ಕೊಡುವ ಕೆಲಸ ಮಾಡಿದವಳು. ಅವ್ವನನ್ನು ನೋಡಿಕೊಳ್ಳಲು ಊರಿಗೆ ಮರಳಿದಳು. ಅವ್ವ ತೀರಿಕೊಂಡ ಮೇಲೆ ಈ ಕೆಲಸ ತಾನಾಗಿ ಹುಡುಕಿಕೊಂಡು ಬಂತಂತೆ. ಲಿಂಗಸುಗೂರು ತಲುಪುವಷ್ಟರಲ್ಲಿ ನಮ್ಮ ಹನ್ನೊಂದೂ ಜನರ ಹೆಸರು ಆಕೆಗೆ ಬಾಯಿಪಾಠವಾಗಿತ್ತು. ನಾದಿನಿಯ ಸಣ್ಣ ಮಗಳ ಮನೆಯ ಹೆಸರು, ಶಾಲೆಯ ಹೆಸರು ಎರಡೂ.

ಆಕೆಯ ಕೆಲಸದ ರೀತಿಯೇ ಬೇರೆ. ಎಲ್ಲರೂ ಗೇಟು ದಾಟಿದ ಕೂಡಲೇ ಎದುರಿಗೆ ಕಾಣುವ ಆಟಕ್ಕೆ ಓಡುತ್ತಾರೆ. ಈಕೆ ನಮ್ಮನ್ನು ತಟ್ಟನೆ ಎಡಕ್ಕೆ ತಿರುಗಿಸಿ ಪಾರ್ಕಿನ ಕಟ್ಟಕಡೆಗೆ ನಡೆಸಿಕೊಂಡು ಹೋದಳು. “ಹಿಂದಿನಿಂದ ಚಾಲೂ ಮಾಡಾಮು. ಮಂದಿ ಈ ಕಡಿ ಬರೂದ್ರಾಗ ನಾವು ಆ ಕಡಿ ಇರ್ತೀವಿ.” ಅವತ್ತು ನಾವು ಎಲ್ಲಿಯೂ ಐದು ನಿಮಿಷಕ್ಕಿಂತ ಹೆಚ್ಚು ಸಾಲಿನಲ್ಲಿ ನಿಲ್ಲಲಿಲ್ಲ. ತಿರುಗುವ ಆಟಕ್ಕೆ ಹತ್ತುವ ಮೊದಲು ಏನೂ ತಿನ್ನಬೇಡಿ ಎಂದು ಹೇಳಿದ್ದಳು. ಬಾವನವರು, “ನನಗೇನೂ ಆಗಂಗಿಲ್ಲ” ಎಂದು ನಾಲ್ಕು ಬೋಂಡಾ ತಿಂದು ಹತ್ತಿದರು. ಇಳಿದವರೇ ಬೇಲಿ ಹಿಡಿದುಕೊಂಡು ಎಲ್ಲವನ್ನೂ ವಾಪಸು ಕೊಟ್ಟರು. ಗೈಡಕ್ಕ ಮಕ್ಕಳನ್ನು ಆಚೆ ತಿರುಗಿ ನಿಲ್ಲಿಸಿ, ಅವರ ಬೆನ್ನು ಸವರಿ, “ಬಿಸಲಿಗೆ ಹಂಗ ಆಕ್ಕೈತ್ರಿ ಸಾಹೇಬ್ರ, ಬೋಂಡಾದ್ದೇನೂ ತಪ್ಪಿಲ್ಲ” ಎಂದಳು. ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ.

ಆದರೆ ನನಗೆ ಮರೆಯಲಾಗದ್ದು ನಮ್ಮತ್ತೆಯನ್ನು ನೀರಿಗಿಳಿಸಿದ್ದು. ಅತ್ತೆಗೆ ಎಪ್ಪತ್ತು. ನೀರಿಗಿಳಿಯಬೇಕೆಂದರೆ ಪಾರ್ಕಿನ ಡ್ರೆಸ್ಸನ್ನೇ ಹಾಕಬೇಕು, ಸೀರೆ ನಡೆಯುವುದಿಲ್ಲ. “ಸಾಯೂ ವಯಸ್ಸಿನ್ಯಾಗ ನಾ ಪ್ಯಾಂಟ್ ಹಾಕ್ಕೊಳ್ಳಲೇನ? ನೀವು ಆಡ್ರಿ, ನಾ ಚೀಲ ಕಾಯ್ತೀನಿ” ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನು ಎರಡು ಸಲ ಕರೆದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಚೀಲ ಕಾಯಲು ಒಬ್ಬರು ಸಿಕ್ಕರಲ್ಲ ಎಂದು ಸಮಾಧಾನವೇ ಆಯಿತು. ಗೈಡಕ್ಕ ಅತ್ತೆಯ ಪಕ್ಕದಲ್ಲಿ ಹೋಗಿ ಕುಳಿತಳು.

“ಎಂಟು ವರ್ಷ ಬಾಗಿಲಾಗ ಕುಂತು ನೋಡೀನ್ರಿ ಅಮ್ಮಾರ. ಒಳಗ ಹೋಗೋವಾಗ ಎಲ್ಲಾ ಹೆಣ್ಮಕ್ಕಳೂ ನಾಚಿಗೊಂತಾರ. ಹೊರಗ ಬರೋವಾಗ ಒಬ್ಬಾಕೀನೂ ನಾಚಿಗೊಂಡು ಬಂದಿಲ್ಲ. ಇಲ್ಲಿ ನಿಮ್ಮನ್ನ ಯಾರ್ ನೋಡ್ತಾರ? ಎಲ್ಲಾರಿಗೂ ತಮ್ಮ ತಮ್ಮದಽ ಆಗಿರ್ತದ.”

ಅರ್ಧ ಗಂಟೆಯ ಮೇಲೆ ನೋಡಿದರೆ ಅತ್ತೆ ನೀಲಿ ಡ್ರೆಸ್ಸಿನಲ್ಲಿ, ಅಲೆ ಬರುವ ಕೊಳದ ಒಂದು ಮೂಲೆಯಲ್ಲಿ, ಗೈಡಕ್ಕನ ಮುಂಗೈ ಹಿಡಿದು ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದರು. ಅಲೆ ಬಂದಾಗಲೊಮ್ಮೆ ‘ಯವ್ವಾ’ ಎಂದು ಕೂಗುವುದು, ಹೋದ ಮೇಲೆ ಬಾಯಿ ತೆರೆದು ನಗುವುದು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ನಾನು ಅವರನ್ನು ಹಾಗೆ ನಗಿಸಿದವಳಲ್ಲ.

ಇನ್ನು ನಾಚಿಕೆಯ ಭಾಗಕ್ಕೆ ಬರಬೇಕು.

ಸಂಜೆ ಐದೂವರೆಗೆ ಹೊರಟೆವು. ಗೈಡಕ್ಕ ಮಕ್ಕಳ ಒದ್ದೆ ಬಟ್ಟೆಯ ಚೀಲಗಳನ್ನೆಲ್ಲ ಟೆಂಪೊದೊಳಗೆ ಜೋಡಿಸಿ, ತನ್ನ ಚೀಲವನ್ನೂ ನೆನೆದ ಚಪ್ಪಲಿಗಳನ್ನೂ ಹಿಂದಿನ ಸೀಟಿನ ಕೆಳಗೆ ಇಟ್ಟಳು. ಅಷ್ಟರಲ್ಲಿ ಅತ್ತೆ ತಮ್ಮ ಚಾಳೀಸಿನ ಕನ್ನಡಕ ಬಟ್ಟೆ ಬದಲಿಸುವ ಕೋಣೆಯಲ್ಲೇ ಉಳಿಯಿತು ಎಂದರು. “ಟೀಚರ್ರ, ಐದು ನಿಮಿಷ. ನಾ ತರ್ತೀನಿ” ಎಂದು ಗೈಡಕ್ಕ ನನಗೇ ಹೇಳಿ ಬರಿಗಾಲಲ್ಲಿ ಓಡಿದಳು. ಅತ್ತೆ ಸೀಟಿಗೆ ಒರಗಿದ್ದೇ ನಿದ್ದೆ ಹೋದರು. ಡ್ರೈವರು ಹಾರ್ನು ಒತ್ತಿದ. ಮಕ್ಕಳಿಬ್ಬರು ಕಿಟಕಿಗಾಗಿ ಜಗಳ ತೆಗೆದರು. ಬಾವನವರು, “ಜಲ್ದಿ ನೋಡವಾ, ಎಲ್ಲಾರೂ ಬಂದ್ರೇನು?” ಎಂದರು. ನಾನು ಬಾಗಿಲಲ್ಲಿ ನಿಂತು ಬೆರಳು ಎತ್ತಿ ಎಣಿಸಿದೆ. ಹನ್ನೊಂದು. ಲೆಕ್ಕ ಸರಿಯಾಗಿತ್ತು. “ರೈಟ್” ಎಂದೆ.

ಬೆಳಿಗ್ಗೆಯಿಂದಲೂ ನನ್ನ ಲೆಕ್ಕದಲ್ಲಿ ಆಕೆ ಇರಲೇ ಇಲ್ಲ.

ಹತ್ತು ನಿಮಿಷ ಬಂದ ಮೇಲೆ, ಇಳಕಲ್ ಇನ್ನೂ ಮುಂದಿರುವಾಗಲೇ, ಒಂದು ಚಹಾ ಹೋಟೆಲಿನ ಮುಂದೆ ನಿಂತೆವು. ಬೆಳಿಗ್ಗೆ ಚಹಾಕ್ಕೆ ನಿಂತಾಗ, “ತಿರುಗಿ ಬರೋವಾಗೂ ಇಲ್ಲೇ ನಿಂದ್ರಾಮು, ಮಿರ್ಚಿ ಚಲೋ ಮಾಡ್ತಾನ” ಎಂದು ಗೈಡಕ್ಕನೇ ತೋರಿಸಿದ್ದ ಹೋಟೆಲು. ಎಲ್ಲರೂ ತಿನ್ನುತ್ತ ಕುಳಿತರು. ಅತ್ತೆಯ ಮಾತ್ರೆ ತರಲೆಂದು ನಾನೊಬ್ಬಳೇ ಟೆಂಪೊಗೆ ಹೋದೆ. ಹಿಂದಿನ ಸೀಟಿನ ಕೆಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಕಪ್ಪು ಚೀಲ ಕಂಡಾಗಲೇ ಗೈಡಕ್ಕ ನಮ್ಮ ಜೊತೆ ಇಲ್ಲವೆಂದು ನನಗೆ ಹೊಳೆದದ್ದು.

ಯಾರದೋ ಫೋನಿನಿಂದ ತನ್ನ ನಂಬರಿಗೇ ಮಾಡಿದ್ದಳು. ನಾನು ಹಲೋ ಎನ್ನುತ್ತಲೇ, “ಟೀಚರ್ರ, ಎಲ್ಲಾರೂ ಹತ್ಯಾರೇನ್ರಿ? ಸಣ್ಣಾಕಿ ಅದಾಳೇನ್ರಿ?” ಎಂದಳು.

“ಅದಾಳ.”

“ಚಾಳೀಸ ಸಿಕ್ಕೈತ್ರಿ. ನಾ ಗೇಟಿನ್ಯಾಗ ನಿಂತೀನಿ. ಎಲ್ಲಿ ಅದೀರಿ?”

ಹತ್ತು ನಿಮಿಷದ ದಾರಿ. ಡ್ರೈವರಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ನಾನು, ಇಪ್ಪತ್ತು ವರ್ಷ ಎಣಿಸಿದ ಟೀಚರು, ನನಗೇ ಹೇಳಿ ಹೋದ ಹೆಂಗಸನ್ನೇ ಮರೆತು ಬಂದೆನೆಂದು ಎಲ್ಲರೆದುರು ಒಪ್ಪಬೇಕಿತ್ತು. ಬಾವನವರು ಮತ್ತೆ ಹೋ ಎಂದು ನಗುತ್ತಿದ್ದರು. ಬರುವ ವರ್ಷ ಹೈದರಾಬಾದಿಗೆ ಹೋದಾಗಲೂ ನಗುತ್ತಿದ್ದರು. ಯಾರೂ ನನಗೆ ಹೇಳಿಕೊಡಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಮಾತು ನನ್ನ ಬಾಯಿಂದಲೇ ಬಂತು.

“ಅಯ್ಯೋ ಅಕ್ಕಾ, ನಾವು ಇಳಕಲ್ ದಾಟಿಬಿಟ್ಟೀವಿ.”

ಸರಿಯಾಗಿ ಆಗಲೇ ಹೋಟೆಲಿನವನು ಒಳಗಿನಿಂದ, “ನಾಲ್ಕ್ ಮಿರ್ಚಿ, ಎರಡ್ ಚಾ, ಕಿಟಕಿ ಟೇಬಲ್ಲಾ!” ಎಂದು ಕೂಗಿದ. ಬೆಳಿಗ್ಗೆಯೂ ಹಾಗೇ ಕೂಗಿದ್ದ. ಆ ಕೂಗು ಫೋನಿನಲ್ಲಿ ಆ ಕಡೆಗೂ ಕೇಳಿಸಿರಬೇಕು.

“ಹಂಗೇನ್ರಿ,” ಎಂದಳು. “ಆತ್ ಬಿಡ್ರಿ. ಸಾವಕಾಶ ಹೋಗ್ರಿ. ನಾ ಇಲ್ಲೇ ನಮ್ಮ ಹಳೇ ಮಂದಿ ಮನ್ಯಾಗ ಇದ್ದು ನಾಳಿ ಬರ್ತೀನಿ. ಅಮ್ಮಾರಿಗೆ ಚಾಳೀಸ ಸಿಕ್ತಂತ ಹೇಳ್ರಿ, ಚಿಂತಿ ಮಾಡ್ತಾರ.”

ಒಂದು ಸುಳ್ಳಿಗೆ ಇನ್ನೊಂದು ಬೇಕಾಯಿತು. ಒಳಗೆ ಬಂದು, ಗೈಡಕ್ಕ ಹಳೆಯ ಗೆಳತಿಯರ ಜೊತೆ ಅಲ್ಲೇ ಉಳಿಯುತ್ತಾಳಂತೆ, ಆಗಲೇ ಹೇಳಿದ್ದಳು ಎಂದೆ. “ಚಲೋ ಆತು, ಸೀಟ್ ಖಾಲಿ ಆತು” ಎಂದ ಬಾವನವರು ಟೆಂಪೊ ಹತ್ತಿ ಕಾಲು ಚಾಚಿ ಕುಳಿತರು. ನಾನು ಹಿಂದಿನ ಸೀಟಿನಲ್ಲಿದ್ದೆ. ಟೆಂಪೊ ತಿರುವಿನಲ್ಲಿ ವಾಲಿದಾಗಲೆಲ್ಲ ಆಕೆಯ ಚಪ್ಪಲಿ ಜಾರಿ ಬಂದು ನನ್ನ ಪಾದಕ್ಕೆ ತಾಗುತ್ತಿದ್ದವು. ಮಸ್ಕಿಯಲ್ಲಿ ಯಾರೂ ಇಳಿಯಲಿಲ್ಲ.

ಮರುದಿನ ಮಧ್ಯಾಹ್ನ ಮನೆಗೆ ಬಂದಳು. ಪಾರ್ಕಿನ ನೀಲಿ ರಬ್ಬರ್ ಚಪ್ಪಲಿ, ಕಾಲಿಗಿಂತ ಎರಡು ಬೆರಳು ದೊಡ್ಡವು. ಚಾಳೀಸನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ಅತ್ತೆ ಆಕೆಯ ಎರಡೂ ಕೈ ಹಿಡಿದುಕೊಂಡು, ಮತ್ತೆ ಯಾವಾಗ ಹೋಗೋಣ ಎಂದರು. “ನೀವು ಅನ್ನೋದಽ ತಡ, ಬರ್ತೀನ್ರಿ” ಎಂದು ನಕ್ಕಳು. “ಭಾಳ ತ್ರಾಸ ಆತೇನಕ್ಕಾ?” ಎಂದೆ ನಾನು. “ತ್ರಾಸೇನ್ರಿ” ಎಂದಳು. ಅಷ್ಟೇ. ಚೀಲ ತೆಗೆದುಕೊಂಡು, ಬಾಗಿಲಲ್ಲಿ ಬಗ್ಗಿ ತನ್ನ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಲೆ ಎತ್ತದೆಯೇ ಕೇಳಿದಳು:

“ಟೀಚರ್ರ, ಆ ಹೋಟೆಲ್‌ದಾಗ ಮಿರ್ಚಿ ತಿಂದ್ರೇನ್ರಿ? ಚಲೋ ಇದ್ದೂ?”

“ಚಲೋ ಇದ್ದೂ” ಎಂದೆ. ಕ್ಷಮಿಸು ಎನ್ನಬೇಕಾದ ಜಾಗದಲ್ಲಿ ನಾನು ಆಡಿದ ಮಾತು ಇದು.

ಆಮೇಲೆ ಅತ್ತೆ ಎಷ್ಟೋ ಸಲ ಆಕೆಯನ್ನು ಕರೆ ಎಂದರು. ಪರೀಕ್ಷೆ, ಬಿಸಿಲು, ಮಳೆ ಎಂದು ಏನೇನೋ ಹೇಳಿ ತಪ್ಪಿಸಿದೆ. ಎದುರಿಗೆ ನಿಲ್ಲುವ ಮುಖ ಇರಲಿಲ್ಲ. ಫೋನು ಮಾಡಿ ತಪ್ಪಾಯಿತು ಎನ್ನಲು ಎಷ್ಟು ಹೊತ್ತು ಬೇಕು? ಮಾಡಲಿಲ್ಲ. ಬೆಳಿಗ್ಗೆ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮಾತ್ರ ಆಕೆ ತಪ್ಪದೆ ನೆನಪಾಗುತ್ತಿದ್ದಳು. ಅಷ್ಟು ವರ್ಷ ನಾನು ಮಕ್ಕಳನ್ನು ನಂಬರಿನಿಂದ ಕರೆಯುತ್ತಿದ್ದೆ. ಆ ಜೂನಿನಿಂದ ಹೆಸರಿನಿಂದ ಕರೆಯತೊಡಗಿದೆ. ಅದೇನೂ ದೊಡ್ಡ ಪ್ರಾಯಶ್ಚಿತ್ತವಲ್ಲ, ನನಗೆ ಗೊತ್ತು.

ಕಳೆದ ಚಳಿಗಾಲದಲ್ಲಿ ತರಬೇತಿಗೆಂದು ಲಿಂಗಸುಗೂರಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಆ ದನಿ ಕೇಳಿತು. ಕಂಬದ ಮರೆಗೆ ಸರಿದು ನೋಡಿದೆ. ತುರ್ವಿಹಾಳದ ಕಡೆಯ ಇಪ್ಪತ್ತು ಜನ ಹೆಂಗಸರು, ಗದ್ದೆ ಕೆಲಸದವರು, ಕೈಯಲ್ಲಿ ಆಧಾರ್ ಕಾರ್ಡು ಹಿಡಿದು ಗುಂಪಾಗಿ ನಿಂತಿದ್ದರು. ಗೈಡಕ್ಕ ಒಂದೊಂದೇ ಹೆಸರು ಕರೆಯುತ್ತಿದ್ದಳು. ಶರಣಮ್ಮಾ. ಅದೀನಿ. ದುರುಗಮ್ಮಾ. ಅದೀನಿ. ಎಲ್ಲ ಮುಗಿಯಿತು. ಬಸ್ಸೂ ಬಂದು ನಿಂತಿತ್ತು. ಆದರೂ ಯಾರೂ ಹತ್ತಲಿಲ್ಲ. ಆಗ ಅವರಲ್ಲಿ ಹಿರಿಯ ಹೆಂಗಸೊಬ್ಬಳು ಕೂಗಿದಳು.

“ಹುಲಿಗೆಮ್ಮಾ!”

“ಅದೀನಿ” ಎಂದಳು ಗೈಡಕ್ಕ. ಆಮೇಲೆ ಎಲ್ಲರೂ ಬಸ್ಸಿನ ಕಡೆ ನಡೆದರು.

ಆಕೆಯ ಹೆಸರು ನನಗೆ ತಿಳಿದದ್ದು ಹಾಗೆ.

ಮಗಳನ್ನು ಬೀಳ್ಕೊಡಲು ಬಂದಿದ್ದ ಒಬ್ಬ ಹೆಂಗಸು ನನ್ನ ಪಕ್ಕದಲ್ಲಿ ನಿಂತಿದ್ದಳು. ಇದೇನೆಂದು ಕೇಳಿದೆ.

“ಆಕಿ ಕಾಯಿದೆ ಐತ್ರಿ ಅದು. ತನ್ನ ಹೆಸರು ಮಂದಿ ಕರಿಯೂತನ ಗಾಡಿ ಹತ್ತಂಗಿಲ್ಲ. ಒಮ್ಮೆ ಯಾರೋ ಆಕೀನ್ನ ಬಿಟ್ಟು ಹೋಗಿದ್ರಂತ್ರಿ.”

“ಯಾರಂತ?” ಎಂದೆ. ಅಲ್ಲಿಯೂ ಹಾಗೆ ಕೇಳಲು ನನಗೆ ನಾಲಿಗೆ ಹೊರಳಿತು.

“ಯಾರಿಗ್ಗೊತ್ರಿ. ಊರು ಮಂದಿ ಹೆಸರೆಲ್ಲಾ ಹೇಳ್ತಾಳ. ಎಷ್ಟು ಕೇಳಿದ್ರೂ ಅವರ ಹೆಸರು ಮಾತ್ರ ಹೇಳಂಗಿಲ್ಲ.”

ಬಸ್ಸು ತಿರುಗಿ ನನ್ನ ಮುಂದೆಯೇ ಹಾದುಹೋಯಿತು. ಹುಲಿಗೆಮ್ಮ ಕಿಟಕಿಯ ಪಕ್ಕದಲ್ಲಿ ಕುಳಿತಿದ್ದಳು. ನಾನು ಕಂಬದ ಹಿಂದಿನಿಂದ ಈಚೆ ಬರಲಿಲ್ಲ.