ಕೂ ಹಾಕಿದರೆ ಓಗೊಡಬೇಕು

"ಟೀಚರೇ, ನಿಮಗೆ ಕೂ ಹಾಕ್ಲಿಕ್ಕೆ ಬರ್ತದಾ?"

ಬಂದ್ಯೋಡಿನ ಬಸ್ ಸ್ಟಾಪಿನಲ್ಲಿ, ಅಷ್ಟೂ ಜನರ ಎದುರು ವಿಶ್ವನಾಥಣ್ಣ ಹೀಗೆ ಕೇಳಿದಾಗ ನಾನು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ನಮ್ಮ ಶಾಲೆಯ ಮಕ್ಕಳು ಅಲ್ಲೇ ನಿಂತಿದ್ದರು, ಕಿಸಕ್ಕೆಂದರು. ಗಣಿತದ ಟೀಚರಿಗೆ ಕೇಳುವ ಪ್ರಶ್ನೆಯಾ ಇದು?

ವಿಶ್ವನಾಥಣ್ಣ ನಮ್ಮ ಪಕ್ಕದ ಮನೆಯವರು. ನೀರಿನ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಈಗ ಒಂದು ಟ್ರೇಲ್ ರನ್ ನಡೆಸುವ ಹುಚ್ಚು ಹಿಡಿಸಿಕೊಂಡಿದ್ದಾರೆ. (ಟ್ರೇಲ್ ರನ್ ಅಂದರೆ ಟಾರು ಕಾಣದ ದಾರಿಯಲ್ಲಿ ಓಡುವುದು. ನಮ್ಮ ಅಜ್ಜಂದಿರು ದಿನಾ ಮಾಡುತ್ತಿದ್ದರು, ಟೀ ಶರ್ಟ್ ಇರಲಿಲ್ಲ ಅಷ್ಟೆ.)

ನಮ್ಮೂರಿನ ಮೂಡು ಬದಿಯ ಗುಡ್ಡ ಹತ್ತಿ, ಆಚೆಯ ನೀರಿನ ತೋಡು ದಾಟಿ, ಗೇರು ತೋಟದ ಹಿಂದಿನಿಂದ ಮರಳಿ ಬರುವ ದಾರಿ. ಅಂಗಾಲು ಸೀಳುವ ಮುರಕಲ್ಲಿನ ಹಾಸು. ಆಳೆತ್ತರದ ಒಣ ಹುಲ್ಲಿನೊಳಗೆ, ಯಾರೋ ಕಲ್ಲು ಕಡಿದು ಹಾಗೆಯೇ ಬಿಟ್ಟು ಹೋದ ಕೋರೆಯ ಹೊಂಡಗಳು. ಮೊಬೈಲಿಗೆ ರೇಂಜ್ ಇಲ್ಲ. ಅದಕ್ಕೇ ಈ ಕೂ.

ಹಿಂದೆ ಸೊಪ್ಪಿಗೆ, ಹುಲ್ಲಿಗೆ ಗುಡ್ಡ ಹತ್ತಿದವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಿದ್ದದ್ದು ಹೀಗೆಯೇ. ಒಬ್ಬರು ಕೂ ಎಂದರೆ, ಕಿವಿಗೆ ಬಿದ್ದವರು ತಿರುಗಿ ಕೂ ಎನ್ನಲೇಬೇಕು. ಗುರುತಿಲ್ಲದವರಾದರೂ, ಜಗಳವಾಡಿ ಮಾತು ಬಿಟ್ಟವರಾದರೂ ಸರಿಯೇ. ಓಗೊಡದಿದ್ದರೆ ಏನೋ ಆಗಿದೆ ಎಂದು ಕರೆದವರು ಕತ್ತಿ ಕೆಳಗಿಟ್ಟು ಓಡಿ ಬರುತ್ತಿದ್ದರು. ವಿಶ್ವನಾಥಣ್ಣನ ಪ್ಲಾನಿನಲ್ಲಿ ಪ್ರತಿ ತಿರುವಿಗೂ ಒಬ್ಬ ವಾಲಂಟಿಯರ್. ಓಡುವವರು ಕೂ ಹಾಕಬೇಕು, ಇವರು ಓಗೊಡಬೇಕು.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ?

ಅವರ ಮಗಳು ದೀಕ್ಷಾ ಕಳೆದ ಮಳೆಗಾಲದಲ್ಲಿ ಹೋಗಿಬಿಟ್ಟಳು. ಬೆಳಗ್ಗೆ ಹೈವೇಯ ಸರ್ವಿಸ್ ರೋಡಿನಲ್ಲಿ ಓಡುತ್ತಿದ್ದಳು. ಹಿಂದಿನಿಂದ ಬಂದ ಲಾರಿ. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ.

ಕಾಲೇಜಿಗೆ ಸೇರಿ ವರ್ಷವಾಗಿರಲಿಲ್ಲ. ಓಟ ಎಂದರೆ ಪ್ರಾಣ. ತಾನು ಓಡುವುದಲ್ಲದೆ ಊರಿನ ಹೈಸ್ಕೂಲ್ ಹುಡುಗಿಯರನ್ನೂ ಹಾಸಿಗೆಯಿಂದ ಎಬ್ಬಿಸಿ ಓಡಿಸುತ್ತಿದ್ದಳು. ನನ್ನನ್ನೂ ಬಿಡಲಿಲ್ಲ. ಶುಗರ್ ಶುರುವಾದಾಗ ಡಾಕ್ಟರು ನಡೆಯಿರಿ ಎಂದರು, ಇವಳು ಓಡಿ ಎಂದಳು. "ಟೀಚರ್, ನೀವು ಓಡುವುದು ನೋಡಿ ನಾಯಿಗೆ ಸಹ ಅಟ್ಟಿಸಿಕೊಂಡು ಬರುವ ಮನಸ್ಸಾಗುವುದಿಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗಲೂ ಬೆಳಗ್ಗೆ ಶೂ ಹಾಕುವಾಗ ಆ ನಗು ಕೇಳಿ ಕಣ್ಣು ತುಂಬುತ್ತದೆ.

ಅವಳು ಹೋದ ಮೇಲೆ ಆ ಹುಡುಗಿಯರ ಓಟವೂ ನಿಂತಿತು. ಮನೆಯವರು ನಿಲ್ಲಿಸಿದರು. ತಪ್ಪು ಎನ್ನುವುದು ಹೇಗೆ? (ಆದರೆ ಒಂದು ಮಾತು. ಲಾರಿ ಗುದ್ದಿದರೆ ನಾವು ನಿಲ್ಲಿಸುವುದು ಹುಡುಗಿಯರನ್ನೇ ಯಾಕೆ?) ವಿಶ್ವನಾಥಣ್ಣ ಮನೆ ಮನೆಗೆ ಹೋಗಿ ಕೇಳಿಕೊಂಡರು. "ರೋಡಿನಲ್ಲಿ ಮಾತ್ರ ಬೇಡ ಅಣ್ಣ" ಎಂದರು ತಾಯಂದಿರು.

ಸರಿ, ರೋಡು ಬೇಡ. ಗುಡ್ಡ ಆಗಬಹುದಲ್ಲ? ಒಂದು ಸಲ ಎಲ್ಲರೂ ಸೇರಿ ಓಡಿ, ದಾರಿ ಭದ್ರ ಉಂಟು ಎಂದು ತೋರಿಸಿಕೊಟ್ಟರೆ, ಆಮೇಲೆ ಆ ಮಕ್ಕಳು ದಿನಾ ಅಲ್ಲಿ ಓಡಬಹುದಲ್ಲ? ಅವರಿಗೆ ಬೇಕಾಗಿದ್ದದ್ದು ಇಷ್ಟೇ.

"ಗುಡ್ಡ ಯಾರಿಗೂ ಹಿಂದಿನಿಂದ ಬಂದು ಗುದ್ದುವುದಿಲ್ಲ ಟೀಚರೇ" ಎಂದರು.

ಕಳೆದ ಭಾನುವಾರ ದಾರಿ ಗುರುತು ಮಾಡಲು ನಾವಿಬ್ಬರೂ ಹೊರಟೆವು. ಅವರು ಸುಣ್ಣದ ಬಕೆಟ್ ಹಿಡಿದು, ಕಲ್ಲು ಕಲ್ಲಿಗೂ ನಿಂತು ಬಾಣದ ಗುರುತು ಬರೆಯುತ್ತಾ ಬಂದರು. ನಾನು ಓಡುತ್ತಾ ಮುಂದೆ ಹೋದೆ. (ಓಡುತ್ತಾ ಎಂಬುದನ್ನು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳಿ.) ತಿರುವು ದಾಟಿದ್ದೆನಷ್ಟೆ, ಹಿಂದಿನಿಂದ ಕೇಳಿತು.

"ಕೂ..."

ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ನಾನೂ "ಕೂ..." ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ತೆಳ್ಳಗೆ, ಯಾವುದೋ ಹುಡುಗಿಯ ದನಿಯ ಹಾಗೆ ಗುಡ್ಡದಾಚೆ ಹೋಯಿತು.

ಕಾದೆ. ಅವರು ಬರಲಿಲ್ಲ. ಇನ್ನೊಮ್ಮೆ ಕೂ ಹಾಕಿದೆ. ಸದ್ದಿಲ್ಲ. ಕೋರೆಯ ಹೊಂಡ ನೆನಪಾಯಿತು. ಬಂದ ದಾರಿಯಲ್ಲೇ ತಿರುಗಿ ಓಡಿದೆ. ಈ ಸಲ ನಿಜವಾಗಿಯೂ ಓಡಿದೆ.

ವಿಶ್ವನಾಥಣ್ಣ ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಹೆಗಲ ಮೇಲಿನ ಬೈರಾಸನ್ನು ಮುಖಕ್ಕೆ ಒತ್ತಿ ಹಿಡಿದಿದ್ದರು. ಭುಜ ಅಲುಗುತ್ತಿತ್ತು.

"ಎಂತ ಆಯಿತು ವಿಶ್ವನಾಥಣ್ಣ?"

"ಎಂತ ಇಲ್ಲ... ಅವಳು ಸಣ್ಣದಿರುವಾಗ ಇಲ್ಲಿಗೇ ಕರ್ಕೊಂಡು ಬರ್ತಿದ್ದದ್ದು. ಮುಂದೆ ಓಡಿ ಹೋಗಿಬಿಡುವಳು. ನಾನು ಇಲ್ಲಿಂದ ಕೂ ಹಾಕುವುದು, ಅವಳು ಅಲ್ಲಿಂದ ಹಾಕುವುದು. ಈಗ ಓಗೊಡುವುದು ನೀವು ಅಂತ ಗೊತ್ತಿತ್ತು ಟೀಚರೇ. ಆದ್ರೂ ಕೇಳುವಾಗ ತಡೀಲಿಕ್ಕೆ ಆಗ್ಲಿಲ್ಲ."

ನಾನೂ ಅಲ್ಲೇ ಕುಳಿತು ಅತ್ತೆ. ಇನ್ನೇನು ಮಾಡಲಿ? ಆಮೇಲೆ ಅವರೇ ಎದ್ದು, ಬ್ರಷ್ ಅದ್ದಿ, ತಾವು ಕುಳಿತಿದ್ದ ಕಲ್ಲಿಗೂ ಒಂದು ಬಾಣ ಬರೆದರು.

ಬುಧವಾರ ಸಂಜೆ ಊರಿನ ಕ್ಲಬ್ಬಿನಲ್ಲಿ ಮೀಟಿಂಗ್. ವಾರ್ಡ್ ಮೆಂಬರ್, ಕ್ಲಬ್ಬಿನ ಅಧ್ಯಕ್ಷರು, ಹುಡುಗಿಯರ ತಾಯಂದಿರು, ಎಲ್ಲರೂ ಬಂದಿದ್ದರು. ಎಲ್ಲರೂ ಒಳ್ಳೆಯವರೇ. ಅದೇ ಕಷ್ಟ.

ಹೊಂಡಕ್ಕೆ ಬಿದ್ದರೆ? ಸುತ್ತ ಹಗ್ಗ ಕಟ್ಟುತ್ತೇನೆ ಎಂದರು ವಿಶ್ವನಾಥಣ್ಣ. ಹಂದಿ ಬಂದರೆ? ಅಷ್ಟು ಜನರ ಗಲಾಟೆಗೆ ಬರುವುದಿಲ್ಲ ಎಂದರು. ಹಾವು? ಮುಂಚಿತವಾಗಿ ಹುಲ್ಲು ಸವರಿಸುತ್ತೇನೆ. ರೇಂಜ್ ಇಲ್ಲವಲ್ಲ? ಕೂ ಹಾಕುವ ವಿಷಯ ಹೇಳಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನಗೆ ಎದ್ದು ಹೋಗಿ ಕಿವಿ ಹಿಂಡಬೇಕೆನಿಸಿತು. (ಮೂವತ್ತು ದಾಟಿದವರ ಕಿವಿ ಹಿಂಡಲು ಟೀಚರಿಗೆ ಅಧಿಕಾರವಿಲ್ಲ.)

ಕೊನೆಗೆ ಅಧ್ಯಕ್ಷರು ತೀರ್ಮಾನ ಹೇಳಿದರು. ಓಟ ಆಗಲೇಬೇಕು. ದೀಕ್ಷಾಳ ಹೆಸರಿನಲ್ಲೇ ಆಗಬೇಕು. ಟೀ ಶರ್ಟಿನಲ್ಲಿ ಅವಳ ಫೋಟೋ ಇರಬೇಕು. ಆದರೆ ಗುಡ್ಡ ಬೇಡ, ಸರ್ವಿಸ್ ರೋಡಿನಲ್ಲಿ ಮಾಡುವ. ಪೊಲೀಸರು ಆ ಹೊತ್ತಿಗೆ ಗಾಡಿ ನಿಲ್ಲಿಸಿ ಕೊಡುತ್ತಾರೆ ಎಂದ ಮೇಲೆ ತಾಯಂದಿರೂ ಒಪ್ಪಿದರು. ಒಂದು ದಿನಕ್ಕೆ ರೋಡು ಆಗಬಹುದಂತೆ. ಮರುದಿನ ಆ ಮಕ್ಕಳು ಎಲ್ಲಿ ಓಡಬೇಕು? ನಾನು ಎದ್ದು ಕೇಳಿದೆ. ಅದನ್ನು ಆಮೇಲೆ ನೋಡುವ ಎಂದರು.

"ಗುಡ್ಡದಲ್ಲಿ ಎಂತಾದರೂ ಆದರೆ ಹೊತ್ತು ತರುವುದು ಯಾರು ಮಾರಾಯ?" ಅಧ್ಯಕ್ಷರು ವಿಶ್ವನಾಥಣ್ಣನ ಹೆಗಲಿಗೆ ಕೈ ಹಾಕಿ, ನಿಜವಾದ ಪ್ರೀತಿಯಿಂದಲೇ ಹೇಳಿದರು. "ಸರ್ವಿಸ್ ರೋಡಾದ್ರೆ ಫೋನ್ ಮಾಡಿದ ಕೂಡ್ಲೇ ಆಂಬ್ಯುಲೆನ್ಸ್ ಬರ್ತದೆ."

ಎಲ್ಲರೂ ತಲೆಯಾಡಿಸಿದರು. ವಿಶ್ವನಾಥಣ್ಣ ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಬಾಗಿಲಲ್ಲಿ ಒಮ್ಮೆ ನಿಂತರು.

"ಅವತ್ತೂ ಕೂಡ್ಲೇ ಬಂದಿತ್ತು" ಎಂದರು.