ಬ್ಯಾಟರಿಗೆ ಎಳನೀರು

ಗುಂಡ್ಲುಪೇಟೆಯಲ್ಲಿ ಬ್ಯಾಟರಿ ರಿಪೇರಿ ಮಾಡುವ ಫಖ್ರುನ್ನೀಸಾ, ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡುತ್ತಾರೆ. ಮೂವತ್ತು ವರ್ಷದಲ್ಲಿ ಅವರ ಮೂಗು ಒಮ್ಮೆಯೂ ಕೈಕೊಟ್ಟಿಲ್ಲ. ಕಳೆದ ತಿಂಗಳು ಕಾಡಂಚಿನ ಮದ್ದೂರು ಕಡೆಯ ರೈತ ಗುರುಮಲ್ಲಪ್ಪ, ಆನೆ ತಡೆಯುವ ಸೋಲಾರ್ ಬೇಲಿಯ ಬ್ಯಾಟರಿ ತಂದರು. ಫಖ್ರುನ್ನೀಸಾ ಮೂಸಿದರು, ಮತ್ತೊಮ್ಮೆ ಮೂಸಿದರು.

"ಏನ್ ಹಾಕಿದ್ರಿ ಇದಕ್ಕೆ?"

"ಶುದ್ಧವಾದ ನೀರೇ ಹಾಕ್ಬೇಕು ಅಂತ ನೀವೇ ಏಳಿದ್ರಲ್ಲಕ್ಕ. ಬಾವಿ ನೀರು ಬ್ಯಾಡ ಅಂದ್ಬುಟ್ಟು ನೆನ್ನೆ ಎಳನೀರ್ನೇ ಉಯ್ದ್ಬುಟ್ಟೆ."

ಬೈಯಲು ಬಾಯಿ ತೆರೆದವರಿಗೆ ನಗು ಬಂತು. ಒಳಗಿದ್ದುದನ್ನೆಲ್ಲ ಚೆಲ್ಲಿ ತೊಳೆದರು. ಹೊಸದಾಗಿ ತುಂಬಲು ಬಕೆಟ್ಟಿನ ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಸ್ವಲ್ಪವೇ ಆಸಿಡ್ ಬೆರೆಸಿದರು. ಬಕೆಟ್ಟಿನ ಹೊರಮೈ ಮುಟ್ಟಿದ ಗುರುಮಲ್ಲಪ್ಪ ಥಟ್ಟನೆ ಕೈ ತೆಗೆದರು.

"ಒಲೆ ಇಲ್ದೆ ಕಾದದಲ್ಲಕ್ಕ."

"ಎರಡೂ ಸೇರಿದ್ರೆ ಹಂಗೇ ಕಾವು ಬಿಡ್ತವೆ. ಆರ್ಲಿ, ಕೂತ್ಕೊಳ್ಳಿ."

ಆರಿದ ಮೇಲೆ ತುಂಬಿ ಚಾರ್ಜಿಗಿಟ್ಟರು. ಮರುದಿನ ಬೇಲಿಗೆ ಕರೆಂಟು ಹಾಯಿಸುವ ಮೆಷಿನ್ನು ಮತ್ತೆ ಟಿಕ್ ಟಿಕ್ ಎಂದಿತು.

ವಾರದ ಬಳಿಕ ಗುರುಮಲ್ಲಪ್ಪ ಒಂದು ಗೊನೆ ಎಳನೀರು ಹೊತ್ತು ಬಂದರು. ಫಖ್ರುನ್ನೀಸಾ ಗಾಬರಿಯಾಗಿ, ತೆರೆದಿಟ್ಟ ಬ್ಯಾಟರಿಗಳಿಗೆಲ್ಲ ಮುಚ್ಚಳ ಹಾಕತೊಡಗಿದರು.

"ಎದ್ರುಕೋಬೇಡಿ ಕಣಕ್ಕ," ಎಂದರು ಗುರುಮಲ್ಲಪ್ಪ, "ಈ ಸಲ ಚಾರ್ಜು ನಿಮ್ಗೆ."