ರಾಶಿಯ ದಿನ ಕೆಮ್ಮಿದ ಟ್ರ್ಯಾಕ್ಟರು

ನಮ್ಮ ಕಡೆ ಟ್ರ್ಯಾಕ್ಟರು ಕೆಟ್ಟಿತೆಂದರೆ ಸುತ್ತ ನಿಂತವರೆಲ್ಲ ಆ ಕ್ಷಣವೇ ಮಿಸ್ತ್ರಿಗಳಾಗುತ್ತಾರೆ. ಜನ್ಮದಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿಯದವನೂ ಟೈರಿಗೊಂದು ಒದೆ ಕೊಟ್ಟು, "ಪಂಪ್ ಹೋಗ್ಯಾದ ನೋಡು" ಎಂದು ತೀರ್ಪು ಕೊಡುತ್ತಾನೆ. ಪಂಪು ಎಲ್ಲಿದೆ ತೋರಿಸಪ್ಪಾ ಎಂದರೆ ರೇಡಿಯೇಟರಿನ ಕಡೆ ಕೈ ಮಾಡುತ್ತಾನೆ.

ಗೊಬ್ಬೂರಿನಲ್ಲಿ ನಮ್ಮ ಹೊಲದ ಬದುವಿಗೇ ಚಿಗವ್ವನ ಮೂರೆಕರೆ ಇದೆ. ಆಕೆ ನಮ್ಮಪ್ಪನ ಕೊನೆಯ ತಮ್ಮನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಹೊಲವನ್ನು ನಡುವಿನ ತಮ್ಮ, ಅಂದರೆ ನಮ್ಮ ಕಾಕಾ ಮಾಡುತ್ತಿದ್ದ. ಸುಗ್ಗಿಯಲ್ಲಿ ತನಗೆ ತೋಚಿದಷ್ಟು ತೊಗರಿ ಆಕೆಯ ಪಡಸಾಲೆಯಲ್ಲಿ ಇಳಿಸಿ, ಆಮೇಲೆ ಚಹಾದಂಗಡಿಯಲ್ಲಿ ಕೂತು ತನ್ನ ಧರ್ಮಬುದ್ಧಿಯನ್ನು ತಾನೇ ಹೊಗಳಿಕೊಳ್ಳುತ್ತಿದ್ದ. ಪುಣ್ಯಾತ್ಮ! ಆ ವರ್ಷ ಚಿಗವ್ವ, ಹೊಲ ನಾನೇ ಮಾಡುತ್ತೇನೆ ಎಂದಳು. ಕಾಕಾ ಜಗಳ ತೆಗೆಯಲಿಲ್ಲ. ಹಿರಿಯರನ್ನು ಕೂಡಿಸಿ ಕರಾರು ಹಾಕಿದ.

"ರಾಶಿ ಮಾಡಿ ಕಾಳು ಮನಿಗಿ ತಂದ್ರ ಹೊಲ ಆಕೀನೇ ಮಾಡ್ಲಿ. ಹೊಲದಾಗ ಕೆಡಿಸಿದಳಂದ್ರ ಮುಂದಿನ ವರ್ಷದಿಂದ ನಾನೇ ಮಾಡಾಂವ."

ಹಿರಿಯರು ಹೌದ್ಹೌದು ಎಂದು ತಲೆಯಾಡಿಸಿದರು. ಆಕೆಯ ಹೊಲವನ್ನೇ ಆಕೆಗೆ ಷರತ್ತಿನ ಮೇಲೆ ಕೊಟ್ಟ ಈ ಔದಾರ್ಯ ಕಂಡು ನನಗೆ ಮೈಯೆಲ್ಲ ಉರಿಯಿತು. ಚಿಗವ್ವ ಮಾತ್ರ ಆಗಲಿ ಎಂದಳು.

ಹೊಲದ ಹಬ್ಬ ಎಳ್ಳಮಾಸಿ ಮುಗಿದು ಎರಡು ದಿನಕ್ಕೆ ತೊಗರಿ ಒಕ್ಕುವ ರಾಶಿ ಇಟ್ಟುಕೊಂಡೆವು. ಕೊಯ್ದ ತೊಗರಿಯ ಬಣವೆ ಹೊಲದಲ್ಲಿತ್ತು. ರಾಶಿ ಮಷಿನ್ನು ಚೌಡಾಪುರದಿಂದ ಬಂದಿತ್ತು, ಸಂಜೆಗೆ ಬೇರೆಯವರ ಹೊಲಕ್ಕೆ ಹೋಗುವುದಿತ್ತು. ಅದನ್ನು ತಿರುಗಿಸುವುದು ನನ್ನ ಟ್ರ್ಯಾಕ್ಟರು. ಮೇಲೆ ನೋಡಿದರೆ ಮೋಡ. ಮಳೆ ಬಿದ್ದು ಬಣವೆ ನೆನೆದರೆ ಕಾಳು ಕಪ್ಪಾಗುತ್ತದೆ, ಕಾಕಾನ ಮುಖ ಬೆಳಗುತ್ತದೆ.

ಟ್ರ್ಯಾಕ್ಟರು ಚಾಲೂ ಆಗಿ ಸ್ವಲ್ಪ ಹೊತ್ತು ಚಲೋ ಓಡಿತು. ಆಮೇಲೆ ಗಕ್ ಗಕ್ ಎಂದು ಕೆಮ್ಮತೊಡಗಿತು. ಮಷಿನ್ನಿಗೆ ಒಂದು ಹಿಡಿ ತೊಗರಿ ಹಾಕಿದರೂ ಉಸಿರು ಕಟ್ಟಿ, ಬಿಳಿ ಹೊಗೆ ಬಿಟ್ಟು ನಡುಗುತ್ತಿತ್ತು. ಕಾಕಾ ಅದಕ್ಕೇ ಕಾದವನಂತೆ ಬಂದು ನಿಂತ.

"ನಾಜಲ್ ಹೋಗ್ಯಾವಲೇ. ನಾ ಸೊಲ್ಲಾಪುರಕ್ಕ ಲಾರಿ ಹೊಡ್ದಾಂವ, ಸಪ್ಪಳಾ ಕೇಳಿ ಹೇಳ್ತೇನಿ."

ಅಫಜಲಪುರದ ಮಿಸ್ತ್ರಿಗೆ ಫೋನು ಮಾಡಿದೆ. ಎಂಜಿನ್ನಿನ ಹತ್ತಿರ ಫೋನು ಹಿಡಿ ಎಂದ, ಹಿಡಿದೆ. "ಪೂರಾ ಪಂಪ್ ಬಿಚ್ಚಬೇಕ್ರಿ, ನಾಡದು ಬರ್ತೇನಿ" ಎಂದ. ನಾಡಿದ್ದು ಬಂದು ಅವನೇನು ನೆನೆದ ತೊಗರಿಯನ್ನು ಹಿಂಡಿ ಒಣಹಾಕುತ್ತಾನೆಯೇ?

ನಾನೇ ಪಾನಾ ಹಿಡಿದೆ. ಎಂಜಿನ್ನು ಓಡುತ್ತಿರುವಾಗ ಒಂದೊಂದು ಸಿಲಿಂಡರಿಗೆ ಡೀಸೆಲ್ ಒಯ್ಯುವ ಪೈಪಿನ ನಟ್ಟನ್ನು ತುಸು ಸಡಿಲಿಸಬೇಕು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಮೈಗಳ್ಳ. ಮೊದಲು ಒಂದನೆಯದು ಸತ್ತಂತೆ ಕಂಡಿತು. ಮತ್ತೆ ನೋಡಿದರೆ ಅದು ಬದುಕಿತ್ತು, ಮೂರನೆಯದು ಸತ್ತಿತ್ತು. ಸಿಲಿಂಡರಿಗೆ ಡೀಸೆಲ್ ಚಿಮ್ಮುವ ನಾಜಲ್ಲುಗಳು ಹೀಗೆ ಒಮ್ಮೆ ಇದು, ಒಮ್ಮೆ ಅದು ಎಂದು ಸರದಿಯ ಮೇಲೆ ಕೆಡುವುದಿಲ್ಲ. ಹಾಗಾದರೆ ದೋಷ ಎಲ್ಲಕ್ಕೂ ಹಂಚಿಹೋಗುವ ಡೀಸೆಲ್ಲಿನಲ್ಲೇ ಇರಬೇಕು.

ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲು ಬಿಚ್ಚಿದೆ. ಮೇಲೆ ಡೀಸೆಲ್, ಕೆಳಗೆ ನೀರು, ತಳದಲ್ಲಿ ಬೆಳ್ಳನೆಯ ಗಷ್ಟು. ಚಿಗವ್ವ ಬಗ್ಗಿ ಬೆರಳಿನಿಂದ ಒಂದಿಷ್ಟು ತೆಗೆದು ತಿಕ್ಕಿ ನೋಡಿದಳು, ಮೂಸಿದಳು.

"ಜ್ವಾಳದ ನುಚ್ಚು ಇದು. ಯವ್ವಾ, ನನ್ನ ಅಂಬಲಿ!"

ನಾನು ಕಾಕಾನ ಕಡೆ ತಿರುಗಿದೆ. ಹಿಂದಿನ ದಿನ ಡೀಸೆಲ್ ನಾನೇ ತರುತ್ತೇನೆಂದು ಊರಿಗೆಲ್ಲ ಸಾರಿ ಹೋದವನು ಅವನೇ.

"ಯಾವ ಡಬ್ಬ್ಯಾಗ ತಂದಿ ಕಾಕಾ?"

"ಅದೇ, ಎಳ್ಳಮಾಸಿಗಿ ಹೊಲಕ್ಕ ಅಂಬಲಿ ಒಯ್ದಿದ್ದೆವಲ್ಲ, ಆ ಕರೀ ಡಬ್ಬಿ."

"ತೊಳಿಲಿಲ್ಲೇನು?"

"ತಳದಾಗ ಒಂದೀಟು ಅಂಬಲಿ ಇತ್ತೋ. ಭೂಮಿತಾಯಿಗಿ ಚರಗಾ ಚೆಲ್ಲಿ ಉಳದ ಅಂಬಲಿ, ಬಚ್ಚಲಕ್ಕ ಹ್ಯಾಂಗ ಚೆಲ್ಲಬೇಕು? ಪಾಪ ಬರ್ತದ. ಇರ್ಲಿ ಬಿಡು ಅಂದೆ."

ಬಚ್ಚಲಿಗೆ ಚೆಲ್ಲಿದರೆ ಪಾಪವಂತೆ, ಎಂಜಿನ್ನಿಗೆ ಕುಡಿಸಿದರೆ ಪುಣ್ಯವಂತೆ! ಬೇಕೆಂದೇ ಮಾಡಿದನೇ ಎಂದು ಒಂದು ಗಳಿಗೆ ಅನುಮಾನ ಬಂತು. ಇಲ್ಲ, ಅಷ್ಟು ಜಾಣತನ ದೇವರು ಅವನಿಗೆ ಕೊಟ್ಟಿರಲಿಲ್ಲ. ನಿಜವಾಗಿಯೂ ಭಕ್ತಿಯಿಂದಲೇ ನನ್ನ ಟ್ರ್ಯಾಕ್ಟರಿಗೆ ಹಬ್ಬದೂಟ ಬಡಿಸಿದ್ದ.

ಹೊಸ ಡೀಸೆಲ್ ತರುತ್ತೇನೆಂದು ಕಾಕಾ ಮತ್ತೆ ಮುಂದೆ ಬಂದ. "ನೀವು ಕುಂದರ್ರಿ" ಎಂದು ಚಿಗವ್ವ ಸ್ಕೂಟಿ ಹತ್ತಿ ಚೌಡಾಪುರಕ್ಕೆ ಹೋದಳು. ಅವಳು ಡೀಸೆಲ್ಲು, ಫಿಲ್ಟರು ತರುವಷ್ಟರಲ್ಲಿ ನಾನು ಡೀಸೆಲ್ ಟಾಕಿ ಖಾಲಿ ಮಾಡಿ ತೊಳೆದಿದ್ದೆ. ಹೊಸ ಫಿಲ್ಟರು ಕೂಡಿಸಿ, ಪೈಪಿನಲ್ಲಿ ಸಿಕ್ಕಿದ ಗಾಳಿಯನ್ನು ಕೈಪಂಪು ಒತ್ತಿ ಒತ್ತಿ ಹೊರಹಾಕಿದೆ. ಗುಳ್ಳೆ ನಿಂತು ಬರೀ ಡೀಸೆಲ್ ಬರತೊಡಗಿದ ಮೇಲೆ ಚಾವಿ ತಿರುಗಿಸಿದೆ. ಎರಡು ಸಲ ಮುಲುಗಿ ಮೂರನೆಯ ಸಲಕ್ಕೆ ಎಂಜಿನ್ನು ಹತ್ತಿಕೊಂಡಿತು. ನನಗೆ ಕುಣಿಯಬೇಕೆನಿಸುವಷ್ಟು ಖುಷಿಯಾಯಿತು.

ಚಿಗವ್ವ ತಲೆಗೆ ಸೆರಗು ಬಿಗಿದು ಮಷಿನ್ನಿಗೆ ತೊಗರಿ ಒಡ್ಡುತ್ತ ನಿಂತವಳು ಊಟಕ್ಕೂ ಕೂರಲಿಲ್ಲ. ಹನಿ ಬೀಳತೊಡಗಿದಾಗ ಬಣವೆಯ ತಳದ ಒಂದು ಹೊರೆ ಉಳಿದಿತ್ತು, ಅದಷ್ಟೇ ನೆನೆಯಿತು. ಉಳಿದದ್ದೆಲ್ಲ ಚೀಲ ಸೇರಿ ತಾಡಪತ್ರಿಯ ಕೆಳಗಿತ್ತು.

ಕಾಕಾ ಚೀಲಗಳ ಸುತ್ತ ಒಂದು ಸುತ್ತು ಹಾಕಿದ. ಮಷಿನ್ನಿನವರು, ಆಳುಗಳು ಎಲ್ಲರೂ ಇದ್ದರು. ಗಂಟಲು ಸರಿಮಾಡಿಕೊಂಡು ಹೇಳಿದ.

"ರಾಶಿ ಏನೋ ಆತು ಬಿಡವ್ವಾ. ಆದ್ರ ಹೆಣ್ಮಗಳು ಎಷ್ಟಂತ ಬಡಿದಾಡ್ತಿ? ಮುಂದಿನ ವರ್ಷ ಹೊಲ ನನಗ ಕೊಟ್ಟುಬಿಡು. ನಾ ಎಲ್ಲಾ ನೋಡ್ಕೋತೇನಿ."

ಚಿಗವ್ವ ಚೀಲದ ಬಾಯಿ ಹೊಲಿಯುತ್ತಿದ್ದವಳು ದಬ್ಬಣ ನಿಲ್ಲಿಸಲಿಲ್ಲ.

"ಭಾವಾರ, ಒಂದು ಡಬ್ಬಿ ತೊಳ್ಯಾಕ ಆಗಲಿಲ್ಲ ನಿಮ್ಮ ಕೈಲಿ. ಮೂರೆಕರೆ ಹೊಲ ತೊಗೊಂಡು ಏನ್ ಮಾಡ್ತೀರಿ?"